ಕಾಂಟ್ ಹೇಳಿದ್ದು ಮಾಯಾವಾದವಲ್ಲ



"ನಮ್ಮ ಶಂಕರರ ಮಾಯೆಯನ್ನೇ ಜರ್ಮನಿಯ ಕಾಂಟ್ ಕೂಡ ಹೇಳಿದ್ದಾನೆ" ಎಂಬ ಮಾತು ನಮ್ಮ ಕೂಟಗಳಲ್ಲಿ ಆಗಾಗ ಕೇಳಿಬರುತ್ತದೆ. ಮಕ್ಕಳ ಕಿವಿಗೂ ಬೀಳುತ್ತಿದೆ. ಇದನ್ನು ನಾವು ಒಪ್ಪುವುದಿಲ್ಲ.

ಶುದ್ಧಬುದ್ಧಿಯ ವಿಮರ್ಶೆಯೆಂದು ಹೆಸರಾದ ೧೭೮೧ರ ಗ್ರಂಥದಲ್ಲಿ ಕಾಂಟ್ ಕೊಡುವ ಉದಾಹರಣೆ ನೋಡಿ. ಮೂಡುವ ಚಂದ್ರ ಖಗೋಳಶಾಸ್ತ್ರಜ್ಞನಿಗೂ ದೊಡ್ಡದಾಗಿಯೇ ಕಾಣುತ್ತಾನೆ. ಆದರೆ ಅವನು ಮೋಸಹೋಗುವುದಿಲ್ಲ. ಹಾಗೆಯೇ ಆತ್ಮ, ಸಮಗ್ರ ಜಗತ್ತು, ದೇವರು - ಈ ಮೂರನ್ನೂ ಅನುಭವದ ಗಡಿ ದಾಟಿ ತಿಳಿದುಬಿಟ್ಟೆವೆಂಬ ಭ್ರಮೆ ಮನುಷ್ಯಬುದ್ಧಿಯ ಹುಟ್ಟುಗುಣ. ಗುಟ್ಟು ತಿಳಿದ ಮೇಲೂ ಅದು ತೊಲಗದು, ಎಚ್ಚರದಿಂದಿರಬಹುದು, ಅಷ್ಟೆ. ಅದ್ವೈತಿಗಳ ಹಗ್ಗದ ಹಾವಾದರೋ, ದೀಪ ತಂದೊಡನೆ ಇಲ್ಲವಾಗುತ್ತದೆ.

ಕಾಂಟ್ ಜಗತ್ತನ್ನು ಮಿಥ್ಯೆ ಎನ್ನಲೂ ಇಲ್ಲ. ಹೊರಗಿನ ವಸ್ತುಗಳ ಇರವನ್ನೇ ಸಂಶಯಿಸುವವರಿಗೆ ಉತ್ತರವಾಗಿ ೧೭೮೭ರ ಎರಡನೆಯ ಆವೃತ್ತಿಯಲ್ಲಿ ಪ್ರತ್ಯೇಕ ಖಂಡನೆಯನ್ನೇ ಸೇರಿಸಿದ. ಅವನು ತೋರಿಸಿದ್ದು ಜಗತ್ತಿನ ಸುಳ್ಳನ್ನಲ್ಲ, ತನ್ನ ಮಿತಿ ಮರೆತ ಬುದ್ಧಿಯ ಸುಳ್ಳನ್ನು.

ಇಷ್ಟಕ್ಕೂ ಶಂಕರರಿಗೆ ಜರ್ಮನಿಯ ಸರ್ಟಿಫಿಕೇಟು ಏಕೆ? ಜಗತ್ತು ಸತ್ಯವೆಂದು ಹದಿಮೂರನೆಯ ಶತಮಾನದಲ್ಲೇ ಸಾರಿದ ಮಧ್ವರು ನಮ್ಮ ಉಡುಪಿಯವರೇ. ಎರಡು ಪಂಥಗಳ ವಾದ ಶತಮಾನಗಳ ಕಾಲ ನಡೆಯಿತು. ಮಕ್ಕಳಿಗೆ ಕಲಿಸಬೇಕಾದದ್ದು ಈ ವಾದವನ್ನು. "ಎಲ್ಲವೂ ಒಂದೇ, ಎಲ್ಲವೂ ನಮ್ಮಲ್ಲೇ ಇತ್ತು" ಎಂದರೆ ಶಂಕರರೂ ಅರ್ಥವಾಗುವುದಿಲ್ಲ, ಮಧ್ವರೂ ಇಲ್ಲ, ಕಾಂಟನಂತೂ ಇಲ್ಲವೇ ಇಲ್ಲ. ಪರವೂರಿನಲ್ಲಿರುವ ನಮಗೆ ಆ ಹೆಮ್ಮೆಯೂ ಮೂಡುವ ಚಂದ್ರನಂತೆ ದೊಡ್ಡದಾಗಿಯೇ ಕಾಣುತ್ತದೆ. ಕಾಣಲಿ; ಅಳತೆಗೋಲು ಮಾತ್ರ ಕೈಯಲ್ಲಿರಲಿ.

ಒಪ್ಪದವರು ಮುಂದಿನ ಸಂಚಿಕೆಗೆ ಅವಶ್ಯ ಬರೆಯಿರಿ.