ಪರ್ವತಗಳ ಬೇರು ಮತ್ತು ನಮ್ಮ ವಾದ

ಪವಿತ್ರ ಕುರ್‌ಆನ್ ಪರ್ವತಗಳನ್ನು ಗೂಟಗಳಿಗೆ ಹೋಲಿಸಿದೆ. ಇದನ್ನೇ ಆಧಾರವಾಗಿಸಿಕೊಂಡು, ಪರ್ವತಗಳು ಭೂಕಂಪವನ್ನು ತಡೆಯುತ್ತವೆ, ವಿಜ್ಞಾನವೂ ಇದನ್ನು ಒಪ್ಪಿದೆ ಎಂದು ವೇದಿಕೆಗಳಲ್ಲಿ ಸಾರುವುದು ನಮ್ಮಲ್ಲಿ ರೂಢಿಯಾಗಿದೆ. ಸದುದ್ದೇಶದಿಂದ ಆಡುವ ಮಾತೇ ಆದರೂ ಇದನ್ನು ನಾವು ಕೈಬಿಡುವುದು ಒಳಿತು.

ಭೂಮಿಯ ಹೊರಪದರವು ನಿಧಾನವಾಗಿ ಚಲಿಸುವ ಬೃಹತ್ ಶಿಲಾಫಲಕಗಳಿಂದ ಕೂಡಿದೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತವನ್ನು ಹೊತ್ತ ಫಲಕವು ಏಷ್ಯಾದ ಫಲಕಕ್ಕೆ ಡಿಕ್ಕಿಯಾಯಿತು. ನಡುವಿದ್ದ ಟೆಥಿಸ್ ಸಮುದ್ರ ಮುಚ್ಚಿಹೋಗಿ, ಕಡಲತಳದ ಪದರಗಳು ಮಡಿಕೆ ಮಡಿಕೆಯಾಗಿ ಮೇಲೆದ್ದವು. ಹಿಮಾಲಯ ರೂಪುಗೊಂಡದ್ದು ಹೀಗೆ. ಎವರೆಸ್ಟ್‌ನ ನೆತ್ತಿಯ ಸುಣ್ಣಕಲ್ಲಿನಲ್ಲಿ ಇಂದಿಗೂ ಕಡಲಜೀವಿಗಳ ಪಳೆಯುಳಿಕೆಗಳಿವೆ. ಪರ್ವತಕ್ಕೆ ಬೇರಿದೆ ಎಂಬುದೂ ನಿಜವೇ. ನೀರಿನಲ್ಲಿ ತೇಲುವ ಮಂಜುಗಡ್ಡೆಯಂತೆ ಅದರ ತಳವು ಬಹಳ ಆಳಕ್ಕೆ ಇಳಿದಿರುತ್ತದೆ. ಆದರೆ ಆ ಬೇರು ಪರ್ವತದ ಭಾರವನ್ನು ಎತ್ತಿ ಹಿಡಿಯುತ್ತದೆಯೇ ಹೊರತು ಫಲಕಗಳ ಚಲನೆಯನ್ನು ನಿಲ್ಲಿಸುವುದಿಲ್ಲ.

ಆ ಒತ್ತಡ ಇನ್ನೂ ನಿಂತಿಲ್ಲವಾದ್ದರಿಂದಲೇ ಹಿಮಾಲಯದ ಉದ್ದಕ್ಕೂ ನೆಲ ನಡುಗುತ್ತಿರುತ್ತದೆ. 2005ರ ಅಕ್ಟೋಬರ್ 8ರಂದು, ರಮಝಾನ್ ತಿಂಗಳಲ್ಲಿ, ಮುಝಫ್ಫರಾಬಾದ್ ಸಮೀಪ ಸಂಭವಿಸಿದ 7.6 ತೀವ್ರತೆಯ ಭೂಕಂಪವು 70 ಸಾವಿರಕ್ಕೂ ಅಧಿಕ ಜೀವಗಳನ್ನು ಬಲಿ ಪಡೆಯಿತು. ಬೆಳಗಿನ ತರಗತಿಗಳು ನಡೆಯುತ್ತಿದ್ದಾಗಲೇ ಶಾಲೆಗಳು ಕುಸಿದು ಸಾವಿರಾರು ಮಕ್ಕಳು ಮಡಿದರು. ಸುತ್ತಲೂ ಇದ್ದದ್ದು ಪರ್ವತಗಳೇ! ನಮ್ಮ ಈ ವಾದವನ್ನು ಆ ಮಕ್ಕಳ ತಾಯಂದಿರ ಮುಂದೆ ಮಂಡಿಸಲು ನಮಗೆ ಧೈರ್ಯವಿದೆಯೇ?

ಕುರ್‌ಆನಿನ ಹೋಲಿಕೆಯಲ್ಲಿ ದೋಷವಿಲ್ಲ. ಅದು ಮನುಷ್ಯನನ್ನು ಸೃಷ್ಟಿಕರ್ತನ ಕಡೆಗೆ ತಿರುಗಿಸುವ ದೃಷ್ಟಾಂತ. ಅದನ್ನು ಭೂವಿಜ್ಞಾನದ ಪಾಠವಾಗಿ ಓದುವ ಆತುರ ನಮ್ಮದು. ಪರ್ವತಗಳು ಮೋಡಗಳಂತೆ ಸಾಗುವ ವರ್ಣನೆಯೂ ಕುರ್‌ಆನಿನಲ್ಲಿದೆ. ಅನೇಕ ವ್ಯಾಖ್ಯಾನಕಾರರು ಅದನ್ನು ಅಂತ್ಯದಿನದ ಚಿತ್ರಣವೆಂದು ತಿಳಿದರು. ಇಂದು ಅದನ್ನೂ ಫಲಕಗಳ ಚಲನೆಗೆ ಪುರಾವೆಯಾಗಿ ಒಡ್ಡುವವರಿದ್ದಾರೆ. ನಮ್ಮ ಮಗು ಶಾಲೆಯಲ್ಲಿ ಭೂಗೋಳ ಓದಿ ಬಂದು ಪ್ರಶ್ನಿಸಿದಾಗ ಕುಸಿಯುವುದು ನಮ್ಮ ವಾದ ಮಾತ್ರವಲ್ಲ, ಆ ವಾದಕ್ಕೆ ನಾವು ಕಟ್ಟಿಹಾಕಿದ ಮಗುವಿನ ವಿಶ್ವಾಸವೂ ಅಲುಗಾಡುತ್ತದೆ.

ಸಾವಿರ ವರ್ಷಗಳ ಹಿಂದಿನ ನಮ್ಮ ವಿದ್ವಾಂಸರಿಗೆ ಈ ಆತುರವಿರಲಿಲ್ಲ. ಭೂಕಂಪದಲ್ಲಿ ನೆಲ ಮೇಲೇಳುವುದು ಮತ್ತು ಹರಿಯುವ ನೀರು ಮೆದು ಭಾಗವನ್ನು ಕೊರೆದಾಗ ಗಟ್ಟಿ ಭಾಗ ಎದ್ದು ಉಳಿಯುವುದು, ಹೀಗೆ ಪರ್ವತಗಳ ಹುಟ್ಟಿಗೆ ಇಬ್ನು ಸೀನಾ ಎರಡು ಕಾರಣಗಳನ್ನು ಕಂಡರು. ಅಲ್ ಬಿರೂನಿ ಉತ್ತರ ಭಾರತದ ಬಯಲಿನ ಕಲ್ಲುಗಳನ್ನೇ ಗಮನಿಸಿದರು. ಬೆಟ್ಟಗಳ ಬಳಿ ದೊಡ್ಡ ಗುಂಡುಕಲ್ಲುಗಳು, ದೂರ ಸರಿದಂತೆ ಸಣ್ಣವು, ಕಡಲ ಸಮೀಪ ಬರೀ ಮರಳು. ಈ ಬಯಲು ಒಂದು ಕಾಲದಲ್ಲಿ ಕಡಲಾಗಿತ್ತು, ನದಿಗಳು ಹೊತ್ತು ತಂದ ಮಣ್ಣು ಅದನ್ನು ತುಂಬಿತು ಎಂದು ಅವರು ತೀರ್ಮಾನಿಸಿದ್ದು ಕೈಯಲ್ಲಿದ್ದ ಆ ಕಲ್ಲುಗಳಿಂದಲೇ.