ಸದ್ದಲೇ... ಹನುಮಂತ ಹಾಡ್ತಿದ್ದಾರೆ

ಬಹಳ ದಿನಗಳಾಯ್ತು ಈ ಕಡೆ ತಲೆ ಹಾಕಿ. ಆಫೀಸು, ಡೆಡ್‌ಲೈನು, ಅದೇ ಹಳೇ ಸಬೂಬು. ಇವತ್ತು ಬರೀತಿರೋದು ಸಿಟ್ಟಿನಿಂದ. ಅರ್ಧ ಸಿಟ್ಟು ನಿಮ್ಮ ಮೇಲೆ, ಅರ್ಧ ನನ್ನ ಮೇಲೆ.

ಕಳೆದ ಸಲ ಊರಿಗೆ ಹೋದಾಗ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರ ಚಾ ಕುಡೀತಾ ನಿಂತಿದ್ದೆ. ಪಕ್ಕದಲ್ಲಿ ನಾಲ್ಕು ಹುಡುಗರು ಒಂದೇ ಫೋನಿಗೆ ಮುಖ ಕೊಟ್ಟು ವಿಡಿಯೋ ನೋಡ್ತಿದ್ರು. ಸರಿಗಮಪ ಹನುಮಂತನ ಹಳೇ ಕ್ಲಿಪ್ಪು. ಮೊದಲು ಮಾತುಕತೆ, ಹನುಮಂತ ಏನೋ ಹೇಳೋದು, ಎಲ್ಲರೂ ನಗೋದು. ಹುಡುಗರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಹಾಡು ಶುರುವಾಯ್ತು. ಎರಡು ಸಾಲು ಮುಗಿದಿರಲಿಲ್ಲ, ಫೋನು ಹಿಡಿದವನ ಹೆಬ್ಬೆರಳು ಮುಂದಿನ ವಿಡಿಯೋಗೆ ಜಾರಿಬಿಡ್ತು. "ಎಷ್ಟ್ ಮುಗ್ಧ ಅದಾನಲೇ ಪಾಪ" ಅಂದ ಒಬ್ಬ. ಉಳಿದವರು ಹೂಂಗುಟ್ಟಿದರು.

ನಗು ಪೂರ್ತಿ ಬೇಕಾಯ್ತು, ಹಾಡು ಎರಡೇ ಸಾಲು ಸಾಕಾಯ್ತು. ಚಾ ಗಂಟಲಲ್ಲಿ ಇಳೀಲಿಲ್ಲ. ಯಾಕಂದ್ರೆ ನಾನೂ ಅದನ್ನೇ ಮಾಡಿದವನು. ಹನುಮಂತನ ಅಭಿಮಾನಿ ಅಂತ ಎದೆ ತಟ್ಟಿಕೊಂಡು ತಿರುಗಿದವನು ನಾನು. ಫಾರ್ವರ್ಡ್ ಮಾಡಿದ ವಿಡಿಯೋಗಳಿಗೆ ಲೆಕ್ಕ ಇಲ್ಲ. ಅದರಲ್ಲಿ ಹಾಡಿನವು ಎಷ್ಟು ಅಂತ ಆವತ್ತು ಬಸ್ಸಲ್ಲಿ ಕೂತು ಹಿಂದಕ್ಕೆ ಹುಡುಕಿದೆ. ಹೇಳೋಕೆ ನಾಚಿಕೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹನುಮಂತ ಹಾವೇರಿ ಜಿಲ್ಲೆ ಸವಣೂರು ತಾಲೂಕಿನ ಚಿಲ್ಲೂರು ಬಡ್ನಿ ತಾಂಡಾದವರು. ನಮ್ಮ ಹಡಗಲಿ ತಾಲೂಕಿನ ಮೈಲಾರದ ಹತ್ತಿರ ಹೊಳೆ ದಾಟಿದರೆ ಹಾವೇರಿ ಜಿಲ್ಲೆ, ಅಂದ್ರೆ ನಮಗೆ ನೆರೆಯವರೇ. ಜೀ ಕನ್ನಡದ ಸರಿಗಮಪ 15ನೇ ಸೀಸನ್ನಿನಲ್ಲಿ (2018-19) ಬಂದರು. ಮಹಾಗುರು ಹಂಸಲೇಖ, ಜಡ್ಜುಗಳು ರಾಜೇಶ್ ಕೃಷ್ಣನ್, ವಿಜಯ್ ಪ್ರಕಾಶ್, ಅರ್ಜುನ್ ಜನ್ಯ. ಗೆದ್ದವರು ಕೀರ್ತನ್ ಹೊಳ್ಳ, ಎರಡನೆಯವರು ಹನುಮಂತ. ಮುಂದೆ 2024ರಲ್ಲಿ ಬಿಗ್ ಬಾಸ್ 11ನೇ ಸೀಸನ್ನಿಗೆ ವೈಲ್ಡ್ ಕಾರ್ಡಿನಲ್ಲಿ ಹೋದರು, 2025ರ ಜನವರಿಯಲ್ಲಿ 5 ಕೋಟಿಗೂ ಹೆಚ್ಚು ವೋಟು ತಗೊಂಡು ಗೆದ್ದರು, 50 ಲಕ್ಷ ಬಹುಮಾನ.

ಈಗ ಗಮನಿಸಿ. ಹಾಡುಗಾರ ಅಂತ ಟಿವಿಗೆ ಬಂದ ಮನುಷ್ಯ. ಹಾಡಿನ ಸ್ಪರ್ಧೆಯಲ್ಲಿ ಎರಡನೇ ಸ್ಥಾನ. ಹಾಡಿಗೆ ಅಂಕವೇ ಇಲ್ಲದ ಸ್ಪರ್ಧೆಯಲ್ಲಿ ನಾವು ಕೋಟಿಗಟ್ಟಲೆ ವೋಟು ಗುದ್ದಿ ಮೊದಲ ಸ್ಥಾನ ಕೊಟ್ಟೆವು. ಗೆದ್ದದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ನಾನೂ ಆವತ್ತು ಕುಣಿದವನೇ. ಆದರೆ ಅಭಿಮಾನಿಗಳೇ, ಹನುಮಂತ ಅಂದ ಕೂಡಲೇ ನಿಮ್ಮ ಬಾಯಿಗೆ ಮೊದಲು ಬರೋದು ಏನು? ಲುಂಗಿಯಾ? ಹೆಗಲ ಮೇಲಿನ ಟವೆಲ್ಲಾ? ಕುರಿಯಾ? ಯಾವುದೋ ಒಂದು ಡೈಲಾಗಾ? ಹಾಡು ಎಷ್ಟನೇ ನಂಬರಿಗೆ ಬರುತ್ತೆ, ಎಣಿಸಿ ನೋಡಿ.

"ಟಿವಿಯವರು ಹಾಗೆ ತೋರಿಸ್ತಾರೆ, ನಾವೇನ್ ಮಾಡೋಣ" ಅಂತೀರಿ. ಸರಿ, ಟಿವಿಯವರದು ವ್ಯಾಪಾರ. ಆದರೆ ಕೊಳ್ಳೋರಿಲ್ಲದೆ ವ್ಯಾಪಾರ ನಡೆಯಲ್ಲ. ಕಷ್ಟದ ಕಥೆಗೆ ನಾವು ಕಣ್ಣೀರು ಹಾಕ್ತೀವಿ, ಅದಕ್ಕೇ ಅವರು ಕಷ್ಟದ ಕಥೆ ತರ್ತಾರೆ.

ಇದು ಹನುಮಂತರೊಬ್ಬರ ಕಥೆಯೂ ಅಲ್ಲ. 2017ರಲ್ಲಿ ಸಾಗರದ ಸುಹಾನಾ ಸೈಯದ್ ಅದೇ ವೇದಿಕೆಯಲ್ಲಿ ದೇವರ ಹಾಡು ಹಾಡಿದರು. ಮರುದಿನದಿಂದ ಊರೆಲ್ಲ ಜಗಳ. ಬೈದವರು ಹಿಜಾಬಿನ ಬಗ್ಗೆ ಬೈದರು, ಹೊಗಳಿದವರು ಹಿಜಾಬನ್ನೇ ಹೊಗಳಿದರು. ಎರಡೂ ಕಡೆಯವರಲ್ಲಿ ಆ ಹುಡುಗಿಯ ಶ್ರುತಿ ಹೇಗಿತ್ತು ಅಂತ ಹೇಳಿದವರು ನನಗೆ ಸಿಗಲಿಲ್ಲ. ಆಮೇಲೆ ಮಧುಗಿರಿ ಕಡೆಯ ಅಂಧ ಸಹೋದರಿಯರು ಬಂದರು. ದೇವಸ್ಥಾನದ ಮುಂದೆ ಹಾಡಿ ಬದುಕುತ್ತಿದ್ದವರು. 2020ರಲ್ಲಿ ನಟ ಜಗ್ಗೇಶ್ ಅವರಿಗೆ ಮನೆ ಕಟ್ಟಿಸಿಕೊಟ್ಟರು. ಒಳ್ಳೆಯ ಕೆಲಸ, ಕೈ ಮುಗೀತೀನಿ. ಆದರೆ ನಮಗೆ ನೆನಪಿರೋದು ಆ ಮನೆ. ಅವರು ಹಾಡಿದ್ದು ಯಾವ ಹಾಡು? ಥಟ್ಟನೆ ಹೇಳಿ ನೋಡೋಣ.

ಹೊರದೇಶದಲ್ಲೂ ಹೀಗೇ ಶುರುವಾಗುತ್ತೆ, ಅಲ್ಲಿಗೇ ನಿಲ್ಲಲ್ಲ ಅಷ್ಟೇ. 2009ರಲ್ಲಿ ಬ್ರಿಟನ್ನಿನ ಇಂಥದ್ದೇ ಸ್ಪರ್ಧೆಗೆ ಸೂಸನ್ ಬಾಯ್ಲ್ ಅನ್ನೋ 47 ವರ್ಷದ ಸ್ಕಾಟ್ಲೆಂಡಿನ ಹೆಂಗಸು ಬಂದರು. ವೇಷ ನೋಡಿ ಸಭಿಕರು ಮುಸಿ ಮುಸಿ ನಕ್ಕಿದ್ದರು, ಬಾಯಿ ತೆರೆದ ಮೇಲೆ ಎದ್ದು ನಿಂತರು. ಅವರಿಗೂ ಕೊನೆಗೆ ಎರಡನೇ ಸ್ಥಾನವೇ. ಆದರೆ ಅದೇ ವರ್ಷ ನವೆಂಬರಿನಲ್ಲಿ ಆಕೆಯ ಆಲ್ಬಂ ಬಂತು, ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ನಂಬರಿಗೆ ಹೋಯ್ತು. ಅಂದ್ರೆ ಕನಿಕರ ಮುಗಿದ ಮೇಲೂ ಜನ ದುಡ್ಡು ಕೊಟ್ಟು ಹಾಡು ಕೊಂಡು ಕೇಳಿದರು. ನಾವು ಕನಿಕರದಲ್ಲೇ ಗಾಡಿ ನಿಲ್ಲಿಸಿದ್ದೀವಿ.

ಈಗ ಆ "ಮುಗ್ಧ" ಅನ್ನೋ ಪದಕ್ಕೆ ಬರ್ತೀನಿ. ನನಗೆ ಸಿಟ್ಟು ಬಂದಿದ್ದೇ ಅದಕ್ಕೆ.

ನಾನು ಹೈಸ್ಕೂಲು ಓದಿದ್ದು ಕೊಟ್ಟೂರಿನಲ್ಲಿ. ಕ್ಲಾಸಿನಲ್ಲಿ ತಾಂಡಾದ ಹುಡುಗರಿದ್ದರು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಯಾವ ಕಡೆ ಹೋದರೂ ನಮ್ಮಲ್ಲಿ ತಾಂಡಾಗಳಿವೆ. ಮಳೆ ಕೈಕೊಟ್ಟ ವರ್ಷ ಅಲ್ಲಿಂದ ಜನ ಮಂಡ್ಯದ ಕಡೆ ಕಬ್ಬು ಕಡಿಯೋಕೆ, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಗುಳೆ ಹೋಗ್ತಾರೆ, ಜೊತೆಗೆ ಮಕ್ಕಳೂ. ಆ ಹುಡುಗರು ಮನೇಲಿ ಲಂಬಾಣಿ ಆಡಿ ಶಾಲೆಗೆ ಬಂದು ಕನ್ನಡ ಮಾತಾಡುವಾಗ ಒಂದು ಪದ ಆಚೀಚೆ ಆದರೆ ಇಡೀ ಕ್ಲಾಸು ನಗ್ತಿತ್ತು. ನಾನೂ ನಕ್ಕಿದ್ದೀನಿ. ಅಣಕಿಸಿ ತೋರಿಸಿದ್ದೀನಿ ಕೂಡ. ಆಗ ಯಾರೂ ಅವರನ್ನ ಮುಗ್ಧರು ಅನ್ನಲಿಲ್ಲ, ದಡ್ಡರು ಅಂದೆವು.

ಅದೇ ಮಾತಿನ ಧಾಟಿ ಝಗಮಗ ಲೈಟಿನ ಕೆಳಗೆ ಬಂದ ಕೂಡಲೇ ಮುಗ್ಧತೆ ಆಗಿಬಿಡ್ತು! ನಗು ಮಾತ್ರ ಅದೇ ನಗು. ಹೆಸರು ಬದಲಾಯಿಸಿದೆವು, ಅಷ್ಟೇ. ಮುಗ್ಧ ಅಂದರೆ ನಗಬಹುದು, ಪ್ರೀತಿಯಿಂದ ನಕ್ಕೆ ಅಂತ ಸಮಾಧಾನವೂ ಪಟ್ಟುಕೊಳ್ಳಬಹುದು. ಮುಗ್ಧನಿಗೆ ಏಕವಚನ ನಡೆಯುತ್ತೆ. ರಾಜೇಶ್ ಕೃಷ್ಣನ್ "ಹಾಡ್ತಾರೆ", ವಿಜಯ್ ಪ್ರಕಾಶ್ "ಹಾಡ್ತಾರೆ", ಹನುಮಂತ "ಹಾಡ್ತಾನೆ". (ಮೇಲೆ ಒಂದೆರಡು ಕಡೆ "ಹನುಮಂತನ" ಅಂತ ನನ್ನ ಕೈಯಿಂದಲೂ ಬಂದಿದೆ. ತಿದ್ದದೆ ಹಾಗೇ ಬಿಟ್ಟಿದ್ದೀನಿ, ಚಟ ಎಷ್ಟು ಆಳದ್ದು ಅಂತ ಕಾಣಲಿ.)

ಅಷ್ಟಕ್ಕೂ ಮುಗ್ಧ ಹೇಗೆ? ಕುರಿ ಕಾಯೋದನ್ನ ನೋಡಿದ್ದೀರಾ? ನಮ್ಮ ಕಡೆ ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿ ಮಂದೆ ನಿಲ್ಲಿಸ್ತಾರೆ. ರಾತ್ರಿಗೆ ಎಷ್ಟು ಅಂತ ಹೊಲದವನ ಹತ್ತಿರ ಮಾತಾಡಿಕೊಳ್ಳಬೇಕು. ನೂರಾರು ಕುರಿಯಲ್ಲಿ ಯಾವುದು ಕುಂಟುತ್ತಿದೆ, ಯಾವುದು ಮೇವು ಬಿಟ್ಟಿದೆ ಅಂತ ನೋಡಿದ ಕೂಡಲೇ ತಿಳಿಯಬೇಕು. ಸಂತೆಯಲ್ಲಿ ದಲ್ಲಾಳಿಯ ಕೈಗೆ ಸಿಗದೆ ಮಾರಬೇಕು. ಮಾಡ್ಯೂಲ್ ಒಂದು ಕೆಟ್ಟರೆ ಮೂರು ಮೀಟಿಂಗ್ ಕರೆಯೋ ನಾವು ಅಂಥವರನ್ನ ಮುಗ್ಧರು ಅಂತೀವಿ :) ಇನ್ನು ಬಿಗ್ ಬಾಸ್ ಮನೇಲಿ ತಿಂಗಳುಗಟ್ಟಲೆ ಇದ್ದು ಗೆದ್ದು ಬರೋದು ಮುಗ್ಧರ ಕೆಲಸವಲ್ಲ. ಅದು ಜಾಣರ ಕೆಲಸ. ಹನುಮಂತ ಜಾಣರು, ಶಭಾಷ್! ಕನಿಕರದ ಕನ್ನಡಕ ಹಾಕಿಕೊಂಡ ನಮಗೆ ಅದು ಕಾಣಲಿಲ್ಲ.

ಹಾಡೂ ಅಷ್ಟೇ. "ಏನೂ ಕಲೀದೆ ಹೆಂಗ್ ಹಾಡ್ತಾನ ನೋಡು" ಅಂತೀವಲ್ಲ, ಇದೊಂದು ದೊಡ್ಡ ಅವಮಾನ. ಕುರಿ ಹಿಂದೆ ಹೋದವರ ಬಾಯಿಗೆ ಹಾಡು ಆಕಾಶದಿಂದ ಬಿದ್ದಿಲ್ಲ. ಸವಣೂರಿನ ಪಕ್ಕದ ತಾಲೂಕು ಶಿಗ್ಗಾಂವಿ, ಅಲ್ಲಿದೆ ಶಿಶುನಾಳ. ಷರೀಫರು (1819-1889) ಕಟ್ಟಿದ ಪದಗಳನ್ನ ಆ ಸೀಮೆಯಲ್ಲಿ ಭಜನಾ ಮೇಳಗಳು ಇವತ್ತಿಗೂ ರಾತ್ರಿಯಿಡೀ ಹಾಡ್ತವೆ. ಕೈಯಲ್ಲಿ ಏಕತಾರಿ, ದಮ್ಮಡಿ, ತಾಳ. ಒಬ್ಬ ಎತ್ತಿ ಹಾಡ್ತಾನೆ, ಮೇಳ ಪಲ್ಲವಿ ಹಿಡಿಯುತ್ತೆ. ಮೈಕಿಲ್ಲದೆ ಅಂಗಳದ ಕೊನೆಯವರೆಗೂ ಮಾತು ಸ್ಪಷ್ಟವಾಗಿ ಕೇಳಬೇಕು, ಅದಕ್ಕೇ ತೆರೆದ ಗಂಟಲು, ಏರುದನಿ. ಸಿನಿಮಾ ಹಾಡಿನ ನಯ ಅಲ್ಲಿ ಹುಡುಕಿದರೆ ಸಿಗಲ್ಲ, ಅದು ಅಲ್ಲಿಯ ಅಳತೆಯೇ ಅಲ್ಲ. ಕೇಳಿ ಕೇಳಿ ಕಲಿಯೋದೂ ಕಲಿಯೋದೇ. ಹನುಮಂತರು ತತ್ವಪದ ಎತ್ತಿದಾಗ ಅದು ಆ ಕಲಿಕೆಯ ದನಿ. "ದೇವರು ಕೊಟ್ಟ ಕಂಠ" ಅಂದುಬಿಟ್ಟರೆ ಅವರ ದುಡಿಮೆಯನ್ನ ದೇವರ ಖಾತೆಗೆ ಜಮಾ ಮಾಡಿದ ಹಾಗೆ.

2019ರ ಫೈನಲ್ ಆದಮೇಲೆ ನಮ್ಮ ಅಭಿಮಾನಿಗಳು ಮಾಡಿದ ಜಗಳ ನೆನಪಿದೆಯಾ? "ಬಡವನಿಗೆ ಮೋಸ ಆಯ್ತು" ಅಂತ ಒಂದು ಗುಂಪು, "ಅವನಿಗೆ ಶಾಸ್ತ್ರ ಗೊತ್ತಿಲ್ಲ" ಅಂತ ಇನ್ನೊಂದು. ಬಡತನದ ಮೇಲೆ ಗೆಲ್ಲಿಸಬೇಕು ಅಂದವರೂ ಹಾಡು ಕೇಳಿರಲಿಲ್ಲ, ಶಾಸ್ತ್ರದ ಮೇಲೆ ಸೋಲಿಸಬೇಕು ಅಂದವರೂ ಕೇಳಿರಲಿಲ್ಲ. ಪಾಪ, ಚೆನ್ನಾಗಿ ಹಾಡಿ ಗೆದ್ದ ಕೀರ್ತನ್ ಹೊಳ್ಳ ಅವರಿಗೆ ಮಧ್ಯದಲ್ಲಿ ಬೈಗುಳ.

ಇದರಿಂದ ನಷ್ಟ ಯಾರಿಗೆ ಅಂತ ಒಂದು ಉದಾಹರಣೆ ಹೇಳಿ ಮುಗಿಸ್ತೀನಿ. ಆವತ್ತು ನಾವು ನಕ್ಕ ತಾಂಡಾದ ಹುಡುಗರಲ್ಲೇ ಒಬ್ಬ ಈಗ ನನಗೆ ಆಪ್ತ ಗೆಳೆಯ. ಹರಪನಹಳ್ಳಿ ಕಡೆಯವನು, ನಮ್ಮ ಬ್ಯಾಚಿನಲ್ಲಿ ಅವನಷ್ಟು ಚೆನ್ನಾಗಿ ಹಾಡೋರು ಇರಲಿಲ್ಲ. ಕೆಲವು ವರ್ಷದ ಹಿಂದೆ ಒಂದು ಆಡಿಷನ್ನಿಗೆ ಹೋಗಿದ್ದ (ಯಾವ ಚಾನೆಲ್ಲು ಅನ್ನೋದು ಬೇಡ). ಎರಡು ಹಾಡು ಹಾಡಿಸಿದರಂತೆ, ತಲೆದೂಗಿದರಂತೆ. ಆಮೇಲೆ "ನಿಮ್ಮ ಜೀವನದ ಕಷ್ಟ ಏನು" ಅಂತ ಕೇಳಿದರಂತೆ. ಇವನ ಅಪ್ಪ ಬಸ್ ಕಂಡಕ್ಟರು, ಅವ್ವ ಅಂಗನವಾಡಿ ಕಾರ್ಯಕರ್ತೆ, ಮನೆ ಇದೆ, ಊಟಕ್ಕೆ ತೊಂದರೆ ಇಲ್ಲ. ಹಾಗಂತ ಹೇಳಿದ. ವಾಪಸ್ ಕರೆ ಬರಲಿಲ್ಲ. ನನ್ನ ಹತ್ತಿರ ಹೇಳಿದ್ದು ಇಷ್ಟು: "ನಮ್ಮಪ್ಪ ಇನ್ನೂ ಬದುಕ್ಯಾನಲ್ಲೋ, ಅದ ತಪ್ಪಾತು ನೋಡು." ಹೇಳಿ ನಕ್ಕ. ನನಗೆ ನಗು ಬರಲಿಲ್ಲ. ಅವನು ಬೇರೆ ಕಾರಣಕ್ಕೂ ಆಯ್ಕೆ ಆಗದೇ ಇದ್ದಿರಬಹುದು, ಒಪ್ತೀನಿ. ಆದರೆ ಹಾಡೋಕೆ ಬಂದವನಿಗೆ ಆ ಪ್ರಶ್ನೆ ಯಾಕೆ? ನಾವು ಕೇಳ್ತೀವಿ ಅಂತ ತಾನೇ?

ಎಲ್ಲ ಕಾಲದಲ್ಲೂ ಹೀಗೇ ಇತ್ತು ಅನ್ನಬೇಡಿ. ಈಟಿವಿಯಲ್ಲಿ "ಎದೆ ತುಂಬಿ ಹಾಡುವೆನು" ನಡೆಸುವಾಗ ಎಸ್.ಪಿ.ಬಿ. ಹಾಡು ಮುಗಿದ ಮೇಲೆ ಎಲ್ಲಿ ಶ್ರುತಿ ಜಾರಿತು, ಯಾವ ಅಕ್ಷರ ಒತ್ತಬೇಕಿತ್ತು ಅಂತ ಹೇಳ್ತಿದ್ದರು. ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು ಅಂತ ನೆನೀತಿದ್ದರು. ನಮ್ಮವ್ವ ಅಡುಗೆ ಮನೆಯಿಂದ ಬಂದು ಕೂತು ಕೇಳ್ತಿದ್ದಳು. ತಿದ್ದೋದು ಅಂದರೆ ಗೌರವ. ಪಾಪ ಅಂತ ಬೆನ್ನು ತಟ್ಟಿ ಕಳಿಸೋದು ಗೌರವ ಅಲ್ಲ.

ಇನ್ನೂ ಹಿಂದೆ ಹೋಗಿ. 19ನೇ ಶತಮಾನದ ನಮ್ಮ ಹರಪನಹಳ್ಳಿ ಭೀಮವ್ವ. ಆಕೆ ಯಾವ ಸೀರೆ ಉಡ್ತಿದ್ದಳು, ಹೇಗೆ ಮಾತಾಡ್ತಿದ್ದಳು ಅಂತ ಇವತ್ತು ಯಾರಿಗೂ ಬೇಕಿಲ್ಲ. ಆದರೆ ಹಬ್ಬ ಹರಿದಿನದಲ್ಲಿ ಆಕೆಯ ಹಾಡುಗಳು ಹೆಂಗಸರ ಬಾಯಲ್ಲಿ ಇವೆ, ಹಾಡಿನ ಕೊನೆಗೆ "ಭೀಮೇಶಕೃಷ್ಣ" ಅಂತ ಅಂಕಿತ ಇದೆ. ಹಾಡು ಆಕೆಯ ಹೆಸರನ್ನ ಹೊತ್ತು ತಂದಿದೆ. ಹನುಮಂತರ ಹೆಸರನ್ನ ಹೊತ್ತು ನಡೀತಿರೋದು ಯಾವುದು? ಒಂದು ಲುಂಗಿ, ಒಂದಿಷ್ಟು ನಗೆ ಕ್ಲಿಪ್ಪು. ಅವು ಎಷ್ಟು ದಿನ ಹೊರ್ತವೆ?

ಹಾಗಾದ್ರೆ ಏನ್ ಮಾಡಬೇಕು ಅಂತೀರಾ? ದೊಡ್ಡದೇನೂ ಬೇಡ. ಹಾಡು ಹಾಕಿದರೆ ಕೊನೆತನಕ ಕೇಳಿ. ಹಂಚೋದಾದರೆ ಹಾಡು ಹಂಚಿ, ಯಾರ ಪದ ಅಂತ ಹೆಸರು ಹಾಕಿ. ಜಾತ್ರೆಗೆ "ಸರಿಗಮಪ ಖ್ಯಾತಿಯ" ಅಂತ ಫ್ಲೆಕ್ಸ್ ಹೊಡೆಸಿ ಕರೆಸುವ ಕಮಿಟಿಯವರು ಕುರಿ ಕಥೆ ಕೇಳೋದು ಬಿಟ್ಟು ಒಂದು ಗಂಟೆ ತತ್ವಪದ ಹಾಡಿಸಿ, ಮೇಳದವರಿಗೂ ಒಂದೊಂದು ಮೈಕು ಕೊಡಿ, ದುಡ್ಡು ಕೊಡಿ. ನಿಮ್ಮೂರಿನ ಭಜನಾ ಮೇಳದಲ್ಲಿ ಟಿವಿ ಕಾಣದ ಹನುಮಂತರು ಇದ್ದಾರೆ, ಫೋನಿನಲ್ಲಿ ಅವರದೂ ಒಂದು ಹಾಡು ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.

ನಮಗೆ ಕೇಳೋಕೆ ಬರಲ್ಲ ಅಂತ ಮಾತ್ರ ಹೇಳಬೇಡಿ. ಭರತ ಹುಣ್ಣಿಮೆಗೆ ಮೈಲಾರದ ಕಾರಣಿಕಕ್ಕೆ ಹೋದವರಿಗೆ ಗೊತ್ತು. ಲಕ್ಷಗಟ್ಟಲೆ ಜನ, ಧೂಳು, ಗದ್ದಲ. ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಅಂದ ಕೂಡಲೇ ಅಷ್ಟೂ ಜನ ಗಪ್‌ಚಿಪ್. ಮಕ್ಕಳೂ ಅಳಲ್ಲ. ಒಂದೇ ಒಂದು ಸಾಲು ಕೇಳೋಕೆ ಅಷ್ಟು ಜನ ಉಸಿರು ಬಿಗಿ ಹಿಡೀತಾರೆ, ಆಮೇಲೆ ವರ್ಷವಿಡೀ ಆ ಸಾಲಿನ ಅರ್ಥ ಹುಡುಕ್ತಾರೆ. ಅದೇ ಜನ ನಾವು.

ಮುಂದಿನ ಸಲ ಹನುಮಂತರ ವಿಡಿಯೋ ಬಂದು, ಮಾತು ಮುಗಿದು ಹಾಡು ಶುರುವಾದಾಗ ಹೆಬ್ಬೆರಳು ಜಾರೋ ಮುಂಚೆ ನಿಮಗೆ ನೀವೇ ಒಂದು ಸಲ "ಸದ್ದಲೇ" ಅಂದುಕೊಳ್ಳಿ. ನಾನು ಶುರು ಮಾಡಿದ್ದೀನಿ.

ಏನಂತೀರಿ? ಬೈಯೋದಿದ್ದರೂ ಬೈಯಿರಿ, ಆದರೆ ಒಂದು ಹಾಡು ಪೂರ್ತಿ ಕೇಳಿ ಬಂದು ಬೈಯಿರಿ.