ನಾಲ್ಕಡಿ ಬಚ್ಚಲಿನಲ್ಲಿ ಒಂದು ಹಡಗು

ಊರಿನಿಂದ ಮುಂಬಯಿಗೆ ಬರುವ ನೆಂಟರು ಗೇಟ್‌ವೇ ನೋಡುತ್ತಾರೆ, ಎಲಿಫೆಂಟಾ ನೋಡುತ್ತಾರೆ, ಆಮೇಲೆ ನಮ್ಮ ಬಚ್ಚಲು ನೋಡಿ ನಗುತ್ತಾರೆ. "ನಮ್ಮನೆ ಹಂಡೆ ಇಡೋಕೂ ಜಾಗ ಸಾಲದಲ್ರೀ!" ಅನ್ನುತ್ತಾರೆ. ನಗಲಿ ಬಿಡಿ. ಅಗಲ ನಾಲ್ಕಡಿ, ಉದ್ದ ಆರಡಿ, ಇರೋದೇ ಅಷ್ಟು. ಮೈ ಉರಿಸುವುದು ಅದರ ಹಿಂದೆಯೇ ಬರುವ ಕನಿಕರದ ಪ್ರಶ್ನೆ: "ಅಯ್ಯೋ, ಟೈಲ್ಸ್ ಎಲ್ಲ ನೀವೇ ಹಾಕಿದ್ರಾ? ಮೇಸ್ತ್ರಿ ಸಿಗ್ಲಿಲ್ವಾ?"

ಸಿಕ್ಕಿದ್ದ ಸ್ವಾಮಿ. ಬೇಕಂತಲೇ ಕರೆಯಲಿಲ್ಲ.

ಓದಿದವನ ಉಗುರಿನಲ್ಲಿ ಸಿಮೆಂಟ್ ಕಂಡರೆ ನಮ್ಮ ಜನಕ್ಕೆ ಯಾಕಿಷ್ಟು ಸಂಕಟ? ಆಯುಧಪೂಜೆಯ ದಿನ ಕರಣೆಗೆ ಕುಂಕುಮ ಹಚ್ಚುತ್ತೇವೆ. ಮಾರನೇ ದಿನ ಅದೇ ಕರಣೆ ಹಿಡಿದು ಬಂದವನನ್ನು ಹಿತ್ತಿಲ ಬಾಗಿಲಿಗೆ ಕಳಿಸುತ್ತೇವೆ, ಅವನಿಗೆ ಕಾಫಿ ಕೊಡುವ ಲೋಟವೇ ಬೇರೆ. ಅದರಲ್ಲೂ ಬಚ್ಚಲಿನ ಕೆಲಸ ಅಂದರೆ ಕೇಳುವುದೇ ಬೇಡ. ಮರಾಠಿಯವರು ಮನೆಯೊಳಗಿನ ತೊಳೆಯುವ ಜಾಗಕ್ಕೆ 'ಮೋರಿ' ಅನ್ನುತ್ತಾರೆ; ನಮ್ಮ ಕನ್ನಡದಲ್ಲಿ ಮೋರಿ ಅಂದರೆ ಚರಂಡಿ. ಪದ ಒಂದೇ, ಮೂಗು ಮುಚ್ಚಿಕೊಳ್ಳುವವರು ನಾವು.

ಈ ಕೆಲಸದ ಜೀವ ಇರುವುದು ಟೈಲ್ಸ್ ಬಣ್ಣದಲ್ಲಿ ಅಲ್ಲ, ಇಳಿಜಾರಿನಲ್ಲಿ. ಆರಡಿಗೆ ಸುಮಾರು ಒಂದು ಇಂಚು, ಜಾಲಿಯ ಕಡೆಗೆ. ಕಡಿಮೆಯಾದರೆ ನೀರು ನಿಲ್ಲುತ್ತೆ, ಹೆಚ್ಚಾದರೆ ಅಜ್ಜಿ ಜಾರುತ್ತಾಳೆ. ಹಳೇ ಟೈಲ್ಸ್ ಕಿತ್ತ ಮೇಲೆ ವಾಟರ್‌ಪ್ರೂಫಿಂಗ್ ಬಳಿದು, ಗೋಡೆಗೂ ಒಂದಡಿ ಹತ್ತಿಸಿ, ಒಣಗಿದ ಮೇಲೆ ಜಾಲಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ನೋಡಬೇಕು. ಇಲ್ಲಿ ನಮ್ಮ ನೆಲವೇ ಕೆಳಗಿನವರ ಸೂರು. ಅವರ ಸೂರು ಸೋರಿತೋ, ಸೊಸೈಟಿ ಮೀಟಿಂಗಿನಲ್ಲಿ ವರ್ಷವಿಡೀ ನಮ್ಮದೇ ಕಥೆ! ಕೆಲಸಕ್ಕೆ ಮೊದಲೇ ಸೊಸೈಟಿಗೆ ಪತ್ರ ಬರೆದು ಒಪ್ಪಿಗೆ ತಗೊಳ್ಳೋದೂ ಇದಕ್ಕೇ.

ಇನ್ನು ಹಡಗಿನ ವಿಷಯ. 'ಸಮುದ್ರದ ಸ್ಟೈಲ್' ಅಂತ ಅಂಗಡಿಗಳಲ್ಲಿ ಮಾರುವುದು ಲಂಗರಿನ ಸ್ಟಿಕ್ಕರು, ಪ್ಲಾಸ್ಟಿಕ್ ನಕ್ಷತ್ರಮೀನು, ಡಾಲ್ಫಿನ್ ಪರದೆ. ಸಮುದ್ರ ಕಾಣದವರ ಸಮುದ್ರ ಅದು. ನಮ್ಮ ಕರಾವಳಿಯ ಹಿರಿಯರು ಮಂಗಳೂರಿನಿಂದ ಈ ಊರಿಗೆ ಹಡಗಿನಲ್ಲೇ ಬಂದವರು. ಅವರ ಮೊಮ್ಮಕ್ಕಳಿಗೆ ಸ್ಟಿಕ್ಕರು ಯಾಕೆ? ಹಡಗಿನಿಂದ ಕಲಿಯಬೇಕಾದ್ದು ಇಕ್ಕಟ್ಟಿನಲ್ಲಿ ಬದುಕುವ ಜಾಣತನ. ಅಲ್ಲಿ ಕಪಾಟಿನ ಅಂಚಿಗೆ ಎರಡು ಬೆರಳು ಎತ್ತರದ ಪಟ್ಟಿ ಇರುತ್ತೆ, ಅಲೆ ಎದ್ದರೂ ಡಬ್ಬಿ ಬೀಳಬಾರದು ಅಂತ. ನಮ್ಮಲ್ಲಿ ಅಲೆ ಇಲ್ಲ, ಅವಸರದ ಮೊಣಕೈಗಳಿವೆ. ಆ ಪಟ್ಟಿ ಹಾಕಿದೆ. ಬಾಗಿಲು ಸರಿಯುವಂಥದ್ದು. ಗೋಡೆಯೆಲ್ಲ ಬಿಳಿ, ಸೊಂಟದೆತ್ತರಕ್ಕೆ ಒಂದೇ ಸಾಲು ಕಡುನೀಲಿ. ಟವೆಲಿಗೆ ಕತ್ತದ ಹಗ್ಗ. ಸೆಣಬು ಒದ್ದೆಯಲ್ಲಿ ಬೇಗ ಕೊಳೆಯುತ್ತೆ, ಕತ್ತ ಉಪ್ಪುನೀರಿಗೂ ಜಗ್ಗೋದಿಲ್ಲ. ಚೋರ್ ಬಜಾರಿನಲ್ಲಿ ಹಿತ್ತಾಳೆಯ ಚೌಕಟ್ಟಿನ ಒಂದು ದುಂಡು ಕನ್ನಡಿ ಸಿಕ್ಕಿತು. ಹಡಗಿನದೇ ಅಂತ ಅಂಗಡಿಯವ ಆಣೆ ಹಾಕಿದ, ನಂಬಿಲ್ಲ, ತಂದೆ. ಕಪಾಟು ಮಾತ್ರ ತೇಗದ್ದೇ. ಇದೇ ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರ್ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿದೆ. ನನ್ನ ಸೋಪಿನ ಡಬ್ಬಿಗೆ ಅಷ್ಟು ಬಾಳಿಕೆ ಸಾಕು.

"ಹಾಗಾದ್ರೆ ಮೇಸ್ತ್ರಿಯ ಹೊಟ್ಟೆಪಾಡು?" ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಗೋಡೆಯೊಳಗಿನ ಪೈಪು, ಗೀಸರಿನ ವೈರು, ಇವೆರಡನ್ನೂ ಬಲ್ಲವರಿಗೇ ಬಿಟ್ಟೆ. ನೀರು ಮತ್ತು ಕರೆಂಟು ಕೂಡುವಲ್ಲಿ ಹವ್ಯಾಸ ನಡೆಯೋದಿಲ್ಲ. ಅವರು ಕೇಳಿದ ಕೂಲಿಯಲ್ಲಿ ಒಂದು ರೂಪಾಯಿ ಕೊಸರಲಿಲ್ಲ. ಹತ್ತು ದಿನ ಕುಕ್ಕರಗಾಲಲ್ಲಿ ಕೂತು ಮಟ್ಟಗೋಲು ನೋಡಿದವನಿಗೆ ಕೊಸರುವ ನಾಲಿಗೆ ಏಳುವುದಿಲ್ಲ. ದಿನಗೂಲಿಯಲ್ಲಿ ಐವತ್ತು ಹಿಡಿದುಕೊಂಡು, ಅದನ್ನು ಜಾಣತನ ಅಂತ ಊಟಕ್ಕೆ ಕೂತಾಗ ಹೇಳಿಕೊಳ್ಳುವವರು ಈ ಕೆಲಸವನ್ನು ಒಂದು ದಿನವೂ ಮಾಡಿದವರಲ್ಲ.

ನಮ್ಮ ಊರುಗಳಲ್ಲಿ ಈಗ ಏಳುತ್ತಿರುವ ಹೊಸ ಮನೆಗಳ ಬಚ್ಚಲು ನನ್ನ ಹಾಲಿಗಿಂತ ದೊಡ್ಡದು, ಗ್ರಾನೈಟು ಥಳಥಳ. ಒಂದು ಚೊಂಬು ನೀರು ಸುರಿದು ನೋಡಿ, ಯಾವ ಕಡೆ ಹರಿಯುತ್ತೆ ಅಂತ. ಬಾಗಿಲ ಹಿಂದೆ ವೈಪರ್ ಖಾಯಂ ಆಗಿ ನಿಂತಿದ್ದರೆ, ನಗುವ ಸರದಿ ಮುಂಬಯಿಯವರದು.